ಬಳ್ಳಿಯಲ್ಲೇ ಮಾಗಬೇಕಾದ ಪರಿಮಳ

ಬೇಸಗೆಯ ಹಣ್ಣುಗಳಲ್ಲಿ ಕರಬೂಜಕ್ಕೆ ಸಲ್ಲಬೇಕಾದ ಮರ್ಯಾದೆ ಇಂದು ಸಲ್ಲುತ್ತಿಲ್ಲ. ಅದು ಸಪ್ಪೆ ಹಣ್ಣು, ಸಕ್ಕರೆಯನ್ನೋ ಬೆಲ್ಲವನ್ನೋ ಬೆರೆಸಿದರಷ್ಟೇ ಬಾಯಿಗೆ ಹಿಡಿಸುವ ಹಣ್ಣು ಎಂಬ ಅಭಿಪ್ರಾಯ ಪೇಟೆಯವರಲ್ಲಿ ಬೇರೂರಿದ್ದು, ಅಂಗಡಿಯಲ್ಲಿ ದೊರೆಯುವ ಹೆಚ್ಚಿನ ಹಣ್ಣುಗಳನ್ನು ತಿಂದು ನೋಡಿದವರಿಗೆ ಆ ಅಭಿಪ್ರಾಯ ಪೂರ್ತಿ ತಪ್ಪೆಂದೂ ತೋರುವುದಿಲ್ಲ. ಆದರೆ ದೋಷವಿರುವುದು ಹಣ್ಣಿನ ಸ್ವಭಾವದಲ್ಲಲ್ಲ, ಅದನ್ನು ಕೊಯ್ಯುವ ಹೊತ್ತಿನಲ್ಲಿ. ಪೂರ್ತಿ ಮಾಗಿದ ಕರಬೂಜ ಎರಡು ಮೂರು ದಿನಗಳಿಗಿಂತ ಹೆಚ್ಚು ಬಾಳುವುದಿಲ್ಲವಾದ್ದರಿಂದ, ಲಾರಿಯಲ್ಲಿ ದೂರ ಸಾಗಿ ಮಂಡಿಯಲ್ಲಿ ಕಾದು ಚಿಲ್ಲರೆ ಅಂಗಡಿಯನ್ನು ಸೇರಬೇಕಾದ ಹಣ್ಣನ್ನು ಬೆಳೆಗಾರರು ಅದಿನ್ನೂ ಗಟ್ಟಿಯಾಗಿರುವಾಗಲೇ ಕೊಯ್ಯಬೇಕಾಗುತ್ತದೆ. ಹಾಗೆ ಕೊಯ್ದ ಹಣ್ಣು ಬಣ್ಣ ತಿರುಗುತ್ತದೆ, ಮೆತ್ತಗಾಗುತ್ತದೆ, ಆದರೆ ಬಳ್ಳಿಯಲ್ಲಿ ಕಳೆಯಬೇಕಿದ್ದ ಕೊನೆಯ ದಿನಗಳ ಸಿಹಿಯನ್ನೂ ಪರಿಮಳದ ಬಹುಪಾಲನ್ನೂ ಎಂದಿಗೂ ಪಡೆಯುವುದಿಲ್ಲ. ಮನೆಯ ಹಿತ್ತಲಿನಲ್ಲಿ ಕರಬೂಜ ಬೆಳೆಯುವುದಕ್ಕೆ ಇರುವ ಅತಿ ದೊಡ್ಡ ಕಾರಣ ಇದೇ. ಈ ಹಣ್ಣಿನ ಸುಗಂಧ ಸಾಗಾಟವನ್ನು ತಾಳಲಾರದು. ಬಳ್ಳಿಯ ಹತ್ತಿರವೇ ಇರುವವರಿಗೆ ಮಾತ್ರ ಅದು ಪೂರ್ತಿಯಾಗಿ ದಕ್ಕುತ್ತದೆ.

ಸಸ್ಯಶಾಸ್ತ್ರದಲ್ಲಿ ಕರಬೂಜಕ್ಕೆ ಕುಕುಮಿಸ್ ಮೆಲೋ ಎಂಬ ಹೆಸರಿದೆ. 1753ರಲ್ಲಿ ಲಿನೇಯಸ್ ಕೊಟ್ಟ ಈ ಹೆಸರಿನಡಿಯಲ್ಲಿ ಒಂದೇ ರೂಪದ ಹಣ್ಣುಗಳಲ್ಲ, ಕಣ್ಣಿಗೆ ಸಂಬಂಧವೇ ಇಲ್ಲವೆನಿಸುವಷ್ಟು ಭಿನ್ನವಾದ ಹಲವು ಕಾಯಿ ಹಣ್ಣುಗಳು ಸೇರುತ್ತವೆ. ಮೈಮೇಲೆ ಬಲೆಯಂತಹ ಗೀರುಗಳಿರುವ ಪೇಟೆಯ ಕರಬೂಜ, ಹಣ್ಣಾದಾಗ ಸಿಪ್ಪೆ ಬಿರಿದು ಹಿಟ್ಟಿನಂತಹ ತಿರುಳು ಹೊರಗೆ ಕಾಣುವ ಕೆಕ್ಕರಿಕೆ, ಕರಾವಳಿಯವರು ರಸಾಯನಕ್ಕೆ ಬಳಸುವ ಇಬ್ಬುಡ್ಲು, ಸಾಂಬಾರಿಗೆ ಬೀಳುವ ಮಂಗಳೂರು ಸೌತೆ, ಇವೆಲ್ಲ ಒಂದೇ ಪ್ರಭೇದದ ಬೇರೆ ಬೇರೆ ಬಗೆಗಳು. ಹಸಿಯಾಗಿ ಕೋಸಂಬರಿಗೆ ಹೆಚ್ಚುವ ಸೌತೆ ಮಾತ್ರ ಅದೇ ಕುಲದ ಇನ್ನೊಂದು ಪ್ರಭೇದ. ಕಲ್ಲಂಗಡಿಯಂತೂ ಬೇರೆ ಕುಲಕ್ಕೇ ಸೇರಿದ್ದು. ಪಾಟ್ರಿಸಿಯಾ ಸೆಬಾಸ್ಟಿಯನ್, ಸುಸಾನ್ ರೆನರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವು, ಆಫ್ರಿಕ ಮೂಲದ್ದೆಂದು ಬಹುಕಾಲ ಭಾವಿಸಲಾಗಿದ್ದ ಈ ಬಳ್ಳಿಯ ಕಾಡು ಪೂರ್ವಜ ಸಸ್ಯಗಳು ಭಾರತದಲ್ಲಿ ಇವೆಯೆಂದು ತೋರಿಸಿತು. ಆಫ್ರಿಕದಲ್ಲೂ ಪ್ರತ್ಯೇಕವಾಗಿ ಪಳಗಿಸಿದ ಬಗೆಗಳಿವೆಯೆಂದು ಮುಂದಿನ ಅಧ್ಯಯನಗಳು ತಿಳಿಸಿದರೂ, ಈ ನಾಡಿನ ಹೊಲದ ಬದುಗಳಲ್ಲಿ ತಾನಾಗಿ ಹಬ್ಬುವ ಸಣ್ಣ ಕಹಿಕಾಯಿಯ ಬಳ್ಳಿಗಳಿಗೂ ಹಬ್ಬದ ತಟ್ಟೆಯ ಕರಬೂಜಕ್ಕೂ ಇರುವ ನಂಟು ಅದರಿಂದ ಸಡಿಲವಾಗಲಿಲ್ಲ.

ಪರಿಮಳಕ್ಕಾಗಿಯೇ ಕರಬೂಜವನ್ನು ಬೆಳೆದ ಪದ್ಧತಿ ಹಳೆಯದು. ಪರ್ಷಿಯಾ ಮತ್ತು ಅದರ ಆಸುಪಾಸಿನ ನಾಡುಗಳಲ್ಲಿ ದುದಾಯಿಮ್ ಎಂಬ ಬಗೆಯ, ಕಿತ್ತಳೆಗಿಂತ ಚಿಕ್ಕದಾದ ಹಣ್ಣನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದು ಮೂಸುವುದಕ್ಕೆಂದೇ ಬೆಳೆಯುತ್ತಿದ್ದರು. ಅದರ ತಿರುಳಿಗೆ ಹೇಳಿಕೊಳ್ಳುವಂತಹ ರುಚಿಯಿಲ್ಲ, ಆದರೆ ಒಂದೇ ಹಣ್ಣು ಕೋಣೆಯನ್ನು ಘಮಘಮಿಸುವಂತೆ ಮಾಡಬಲ್ಲದು. ಫರ್ಗಾನಾದ ಹಣ್ಣಿನ ತೋಟಗಳ ನಡುವೆ ಬೆಳೆದು 1526ರಲ್ಲಿ ದೆಹಲಿಯನ್ನು ಗೆದ್ದ ಬಾಬರನಿಗೆ ಹಿಂದೂಸ್ತಾನದಲ್ಲಿ ಬಹುವಾಗಿ ಕಾಡಿದ ಕೊರತೆಗಳಲ್ಲಿ ಕರಬೂಜವೂ ಒಂದು. ಕಾಬೂಲಿನಿಂದ ಬಂದ ಹಣ್ಣೊಂದನ್ನು ಕೊಯ್ದು ತಿನ್ನುವಾಗ ತಾಯ್ನಾಡಿನ ನೆನಪಿನಿಂದ ಕಣ್ಣೀರು ಬಂತೆಂದು ಆತ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಆತ ಕೊರಗುತ್ತಾ ಕೂರದೆ ಬಾಲ್ಖ್ ಪ್ರಾಂತ್ಯದ ಬೆಳೆಗಾರನೊಬ್ಬನಿಂದ ಆಗ್ರಾದ ತನ್ನ ತೋಟದಲ್ಲೇ ಕರಬೂಜ ಬೆಳೆಸಿದ ಸಂಗತಿ, ಹಿತ್ತಲಿನ ಬೇಸಾಯಗಾರರಿಗೆ ಅದಕ್ಕಿಂತಲೂ ಮುಖ್ಯವಾದುದು.

ಪರಿಮಳ ಹುಟ್ಟುವ ಬಗೆಯನ್ನು ತಿಳಿದುಕೊಂಡರೆ ಬೇಸಾಯದ ಹಲವು ಸೂತ್ರಗಳು ತಾವಾಗಿಯೇ ಅರ್ಥವಾಗುತ್ತವೆ. ಕರಬೂಜದ ಸುಗಂಧ ಯಾವುದೋ ಒಂದು ವಸ್ತುವಿನದಲ್ಲ. ಎಸ್ಟರುಗಳೆಂಬ, ಅಂದರೆ ಆಮ್ಲವೂ ಆಲ್ಕೊಹಾಲೂ ಕೂಡಿ ಉಂಟಾಗಿ ಸುಲಭವಾಗಿ ಗಾಳಿಗೆ ಹಾರುವ ರಾಸಾಯನಿಕಗಳು, ಸೌತೆಯ ಹಸಿ ವಾಸನೆಗೆ ಕಾರಣವಾದ ಆಲ್ಡಿಹೈಡುಗಳು, ಅತಿ ಅಲ್ಪ ಪ್ರಮಾಣದ ಗಂಧಕಯುಕ್ತ ಸಂಯುಕ್ತಗಳು, ಹೀಗೆ ಹತ್ತಾರು ವಸ್ತುಗಳ ಮೇಳ ಅದು. ಎಳೆಯ ಕಾಯಿಯಲ್ಲಿ ಸೌತೆಯ ವಾಸನೆ ಮುಂದಿದ್ದು, ಹಣ್ಣಾಗುತ್ತ ಹೋದಂತೆ ಎಸ್ಟರುಗಳು ಮೇಲುಗೈ ಪಡೆಯುತ್ತವೆ. ಈ ಬದಲಾವಣೆಗೆ ಅಪ್ಪಣೆ ಕೊಡುವುದು ಎಥಿಲೀನ್ ಎಂಬ ಅನಿಲರೂಪದ ಸಸ್ಯ ಹಾರ್ಮೋನು. ಫ್ರಾನ್ಸಿನ ಟುಲೂಸ್‌ನ ವಿಜ್ಞಾನಿಗಳು ಎಥಿಲೀನ್ ಉತ್ಪಾದನೆಯನ್ನು ಬಹುಪಾಲು ತಡೆಹಿಡಿದ ಶಾರಾಂತೆ ಜಾತಿಯ ಕರಬೂಜವನ್ನು ರೂಪಿಸಿ 1996ರಲ್ಲಿ ಅದರ ವಿವರ ಪ್ರಕಟಿಸಿದರು. ಆ ಹಣ್ಣುಗಳು ಬೇಗ ಮೆತ್ತಗಾಗಲಿಲ್ಲ, ಅವುಗಳ ಸಕ್ಕರೆಯೂ ಕಡಿಮೆಯಾಗಲಿಲ್ಲ, ಆದರೆ ಸುಗಂಧ ಮಾತ್ರ ಬಹುವಾಗಿ ಕುಂದಿತ್ತು. ಬಹುದಿನ ಬಾಳುವ ಹಣ್ಣಿಗೂ ಘಮಘಮಿಸುವ ಹಣ್ಣಿಗೂ ನಡುವೆ ಇರುವ ವೈರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ವಿರಳ.

ಸಿಹಿಯ ಕಥೆ ಇದಕ್ಕಿಂತ ಬೇರೆ. ಬಾಳೆ, ಮಾವುಗಳು ಕಾಯಾಗಿರುವಾಗ ಪಿಷ್ಟವನ್ನು ಕೂಡಿಟ್ಟುಕೊಂಡು, ಕೊಯ್ದ ಮೇಲೂ ಅದನ್ನು ಸಕ್ಕರೆಯಾಗಿ ಪರಿವರ್ತಿಸಿಕೊಳ್ಳುವುದರಿಂದ ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದರೂ ಸಿಹಿಯಾಗುತ್ತವೆ. ಕರಬೂಜದಲ್ಲಿ ಅಂತಹ ಪಿಷ್ಟದ ಸಂಗ್ರಹವಿಲ್ಲ. ಎಲೆಗಳಲ್ಲಿ ತಯಾರಾದ ಸಕ್ಕರೆ ಬಳ್ಳಿಯ ಮೂಲಕವೇ ಹಣ್ಣಿಗೆ ಹರಿದು ಬರಬೇಕು. ಸುಕ್ರೋಸ್, ಅಂದರೆ ಕಬ್ಬಿನಲ್ಲಿರುವ ಬಗೆಯ ಸಕ್ಕರೆ, ಹಣ್ಣು ಗಾತ್ರದಲ್ಲಿ ಬಲಿತ ಮೇಲಿನ ಕೊನೆಯ ದಿನಗಳಲ್ಲಿ ಮುಖ್ಯವಾಗಿ ಶೇಖರವಾಗುತ್ತದೆ. ತೊಟ್ಟು ಕತ್ತರಿಸಿದ ಕ್ಷಣದಲ್ಲಿ ಎಷ್ಟು ಸಿಹಿಯಿತ್ತೋ ಅಷ್ಟೇ. ಮನೆಯಲ್ಲಿ ಎಷ್ಟು ದಿನ ಇಟ್ಟರೂ ಅದು ಹೆಚ್ಚದು. ಆದುದರಿಂದ ಕೊನೆಯ ತನಕ ಎಲೆಗಳನ್ನು ರೋಗವಿಲ್ಲದೆ ಹಸುರಾಗಿ ಕಾಪಾಡುವುದು, ಬಳ್ಳಿಗೆ ಹೊರೆಯಾಗದಷ್ಟೇ ಕಾಯಿ ಉಳಿಸುವುದು, ಕೊಯ್ಲಿಗೆ ಆತುರಪಡದಿರುವುದು, ಈ ಮೂರರ ಮೇಲೆ ಬೆಳೆಯ ಗುಣವೆಲ್ಲ ನಿಂತಿದೆ.

ಬೀಜದ ಆಯ್ಕೆಯಲ್ಲಿ ಹಿತ್ತಲಿಗೂ ವ್ಯಾಪಾರದ ಬೇಸಾಯಕ್ಕೂ ವ್ಯತ್ಯಾಸವಿರಬೇಕು. ಸಾಗಾಟಕ್ಕೆಂದು ರೂಪಿಸಿದ ದಪ್ಪ ಸಿಪ್ಪೆಯ, ಗಟ್ಟಿ ತಿರುಳಿನ ಮಿಶ್ರತಳಿಗಳು ಮನೆಯ ಬಳಕೆಗೆ ಅಗತ್ಯವಿಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕಾ ಜೀತ್ ಚಿಕ್ಕ ಕುಟುಂಬಕ್ಕೆ ಹೇಳಿಮಾಡಿಸಿದಂತಿದೆ. ಉತ್ತರ ಪ್ರದೇಶದ ಬಾಟಿ ಎಂಬ ನಾಟಿ ಬಗೆಯಿಂದ ಆಯ್ದ ಈ ತಳಿಯ ಹಣ್ಣು ಸುಮಾರು ಅರ್ಧ ಕಿಲೋ ತೂಗುತ್ತದೆ, ತಿರುಳು ಬಿಳಿ, ಸಿಹಿ ಹೆಚ್ಚು. ಅದೇ ಸಂಸ್ಥೆಯ ಅರ್ಕಾ ರಾಜಹಂಸ ಒಂದು ಕಿಲೋ ಮೀರಿ ತೂಗುವ ಹಣ್ಣನ್ನು ಕೊಡುವುದಲ್ಲದೆ ಬೂದಿ ರೋಗವನ್ನು ಸ್ವಲ್ಪಮಟ್ಟಿಗೆ ತಡೆದುಕೊಳ್ಳುತ್ತದೆ. ಕಿತ್ತಳೆ ಬಣ್ಣದ ತಿರುಳು ಬೇಕೆನ್ನುವವರಿಗೆ ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಶರಬತಿ, ಹಸಿರು ತಿರುಳು ಇಷ್ಟಪಡುವವರಿಗೆ ಪಂಜಾಬಿನ ಹರಾ ಮಧು ಇವೆ. ಹನಿಡ್ಯೂ ಮೊದಲಾದ ನುಣುಪು ಸಿಪ್ಪೆಯ ಬಗೆಗಳು ಸಿಹಿಯಾದರೂ ಹೆಚ್ಚು ಘಮ ಬೀರುವುದಿಲ್ಲವಾದ್ದರಿಂದ ಪರಿಮಳವೇ ಗುರಿಯಾದವರಿಗೆ ಅವು ತಕ್ಕವಲ್ಲ.

ಕರಬೂಜ ಬಿಸಿಲನ್ನೂ ಒಣ ಗಾಳಿಯನ್ನೂ ಬಯಸುವ ಬೆಳೆ. ಉತ್ತರ ಭಾರತದಲ್ಲಿ ಗಂಗೆ ಯಮುನೆಯರ ನೀರು ಇಳಿದ ಮೇಲೆ ಮರಳ ದಿಬ್ಬಗಳಲ್ಲಿ ಅದನ್ನು ಬೆಳೆಯುವ ವಾಡಿಕೆ ಹುಟ್ಟಿದ್ದೂ ಈ ಕಾರಣದಿಂದಲೇ: ಮೇಲೆ ಕಾದ ಮರಳು, ಕೆಳಗೆ ಬೇರಿಗೆ ಎಟಕುವ ತೇವ. ಕರ್ನಾಟಕದ ಬಯಲುಸೀಮೆಯಲ್ಲಿ ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ತನಕ ಬೀಜ ಬಿತ್ತಿದರೆ ಮಳೆ ಜೋರಾಗುವ ಮೊದಲೇ ಹಣ್ಣು ಕೈಗೆ ಬರುತ್ತದೆ. ಕರಾವಳಿಯಲ್ಲಿ ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಸೌತೆ ಹಾಕುವ ಹೊತ್ತೇ ಇದಕ್ಕೂ ಸೂಕ್ತ. ಮಳೆಗಾಲದ ಬೆಳೆಗೆ ಎಲೆರೋಗದ ಕಾಟ ಹೆಚ್ಚು, ಹಣ್ಣೂ ನೀರುನೀರಾಗುತ್ತದೆ. ಹಿತ್ತಲಿನವರು ಆ ಸಾಹಸಕ್ಕೆ ಕೈ ಹಾಕದಿರುವುದೇ ಲೇಸು.

ದಿನಕ್ಕೆ ಕನಿಷ್ಠ ಆರೇಳು ಗಂಟೆ ನೇರ ಬಿಸಿಲು ಬೀಳುವ ಜಾಗದಲ್ಲಿ ಮೂರು ಅಡಿಗೊಂದರಂತೆ, ಒಂದೂವರೆ ಅಡಿ ಅಗಲ ಆಳದ ಗುಣಿ ತೋಡಿ, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಜಿಗುಟು ಮಣ್ಣಾದರೆ ಮರಳು ಸೇರಿಸಿ, ನೆಲಮಟ್ಟಕ್ಕಿಂತ ಎತ್ತರವಾಗಿ ಪಾತಿ ಕಟ್ಟುವುದು ಅವಶ್ಯ, ಏಕೆಂದರೆ ಬುಡದಲ್ಲಿ ನೀರು ನಿಂತರೆ ಈ ಬಳ್ಳಿ ಉಳಿಯುವುದಿಲ್ಲ. ತಾರಸಿಯಲ್ಲಾದರೆ 40 ಲೀಟರಿನಷ್ಟು ಮಣ್ಣು ಹಿಡಿಯುವ ಚೀಲದಲ್ಲಿ ಒಂದೇ ಗಿಡ ಸಾಕು. ಬೀಜವನ್ನು ರಾತ್ರಿ ನೆನೆಸಿ, ಅರ್ಧ ಇಂಚಿನಿಂದ ಒಂದು ಇಂಚು ಆಳದಲ್ಲಿ ಗುಣಿಗೆ ಮೂರು ನಾಲ್ಕರಂತೆ ಊರಿ, ಮೊಳೆತ ಮೇಲೆ ಗಟ್ಟಿಯಾದ ಒಂದನ್ನೋ ಎರಡನ್ನೋ ಉಳಿಸಿಕೊಳ್ಳುವುದು ವಾಡಿಕೆ. ಬೇರುಗಳನ್ನು ಕೆಣಕಿದರೆ ಸಸಿ ಸೊರಗುವುದರಿಂದ ಕಿತ್ತು ನೆಡುವ ಬದಲು ನೇರವಾಗಿ ಬಿತ್ತುವುದು, ಇಲ್ಲವೇ ಕಾಗದದ ಲೋಟದಲ್ಲಿ ಬೆಳೆಸಿ ಹೆಂಟೆ ಒಡೆಯದಂತೆ ಇಳಿಸುವುದು ಒಳ್ಳೆಯದು.

ಬಳ್ಳಿ ಹಬ್ಬತೊಡಗಿದಾಗ ಅನೇಕರಿಗೆ ಎದುರಾಗುವ ನಿರಾಶೆಯೆಂದರೆ ಹೂವುಗಳು ರಾಶಿರಾಶಿಯಾಗಿ ಅರಳಿಯೂ ಒಂದು ಕಾಯಿಯೂ ನಿಲ್ಲದಿರುವುದು. ಇದಕ್ಕೆ ಕಾರಣ ಬಳ್ಳಿಯ ರಚನೆಯಲ್ಲಿದೆ. ಮುಖ್ಯ ಬಳ್ಳಿಯಲ್ಲಿ ಮೊದಲು ಬರುವವೆಲ್ಲ ಗಂಡು ಹೂವುಗಳು. ಕಾಯಿ ಕಟ್ಟುವ ಹೂವುಗಳು ಪಕ್ಕದ ಕವಲುಗಳ ಮೊದಲ ಗಿಣ್ಣುಗಳಲ್ಲಿ ಮೂಡುತ್ತವೆ. ಇವು ಎಷ್ಟೋ ತಳಿಗಳಲ್ಲಿ ದ್ವಿಲಿಂಗಿ ಹೂವುಗಳು, ಅಂದರೆ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುವಂಥವು. ನಾಲ್ಕೈದು ಎಲೆ ಬಿಟ್ಟ ಮೇಲೆ ಮುಖ್ಯ ಬಳ್ಳಿಯ ತುದಿಕುಡಿಯನ್ನು ಚಿವುಟಿದರೆ ಕವಲುಗಳು ಬೇಗ ಒಡೆದು ಕಾಯಿ ಕಟ್ಟುವ ಹೂವುಗಳೂ ಬೇಗ ಬರುತ್ತವೆ. ಪರಾಗವು ಅಂಟಂಟಾಗಿದ್ದು ಗಾಳಿಯಲ್ಲಿ ತೇಲದಿರುವುದರಿಂದ, ದ್ವಿಲಿಂಗಿ ಹೂವಿಗೂ ಜೇನುನೊಣದ ನೆರವು ಬೇಕೇ ಬೇಕು. ಒಂದೊಂದು ಹೂವು ಒಂದು ದಿನ ಮಾತ್ರ ಅರಳಿದ್ದು, ಜೇನುಗಳು ಅದಕ್ಕೆ ಮತ್ತೆ ಮತ್ತೆ ಭೇಟಿ ಕೊಟ್ಟರಷ್ಟೇ ದುಂಡಗಿನ ಕಾಯಿ ಕಟ್ಟುತ್ತದೆ. ಪರಾಗ ಸಾಲದಾದರೆ ಕಾಯಿ ಸೊಟ್ಟಗಾಗುತ್ತದೆ ಅಥವಾ ಹೀಚಿನಲ್ಲೇ ಉದುರುತ್ತದೆ. ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸುವುದು ಆದ್ದರಿಂದಲೇ ತನ್ನ ಬೆಳೆಗೆ ತಾನೇ ಕೇಡು ಬಗೆದಂತೆ. ಜೇನು ಸುಳಿಯದ ಎತ್ತರದ ತಾರಸಿಗಳಲ್ಲಿ, ಬೆಳಗ್ಗೆ ಒಂಬತ್ತು ಗಂಟೆಯೊಳಗೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಹೀಚು ಇರುವ ಹೂವಿನ ನಡುಭಾಗಕ್ಕೆ ಮೆಲ್ಲಗೆ ತಾಗಿಸಿದರೆ ಕೆಲಸ ಕೈಗೂಡುತ್ತದೆ.

ಕಾಯಿಗಳು ನಿಂತ ಮೇಲೆ ಅವುಗಳಲ್ಲಿ ಕೆಲವನ್ನು ಕಿತ್ತುಹಾಕುವುದಕ್ಕೆ ಮನಸ್ಸು ಒಪ್ಪದಿರುವುದು ಸಹಜ. ಆದರೂ ಪರಿಮಳಕ್ಕಾಗಿ ಬೆಳೆಯುವವರು ಬಳ್ಳಿಗೆ ಎರಡು ಮೂರಕ್ಕಿಂತ ಹೆಚ್ಚು ಹಣ್ಣು ಬಯಸಬಾರದು. ಜಪಾನಿನ ಶಿಜುಒಕ ಪ್ರಾಂತ್ಯದ ಗಾಜಿನ ಮನೆಗಳಲ್ಲಿ ಕ್ರೌನ್ ಕರಬೂಜ ಬೆಳೆಯುವವರು ಉಳಿದೆಲ್ಲ ಕಾಯಿಗಳನ್ನು ತೆಗೆದು ಗಿಡಕ್ಕೆ ಒಂದೇ ಒಂದು ಹಣ್ಣನ್ನು ಉಳಿಸುತ್ತಾರೆ. ಅದೇ ದೇಶದ ಯೂಬಾರಿ ಪಟ್ಟಣದ ಎರಡು ಹಣ್ಣುಗಳು 2019ರ ಹಂಗಾಮಿನ ಮೊದಲ ಹರಾಜಿನಲ್ಲಿ 50 ಲಕ್ಷ ಯೆನ್‌ಗೆ ಮಾರಾಟವಾದುವು. ಆ ಬೆಲೆ ಪ್ರತಿಷ್ಠೆಯ ಬೆಲೆಯೇ ಇರಬಹುದು, ಆದರೆ ಎಲೆಗಳು ದುಡಿದ ಸಕ್ಕರೆಯನ್ನು ಹಂಚಿಹೋಗಲು ಬಿಡದೆ ಒಂದೆಡೆ ಕೂಡಿಸುವ ಕ್ರಮದಲ್ಲಿ ಪಕ್ಕಾ ಸಸ್ಯಶಾಸ್ತ್ರವಿದೆ. ಉಳಿಸಿಕೊಂಡ ಕಾಯಿಗಳ ಕೆಳಗೆ ಹೆಂಚಿನ ಚೂರು, ಒಣಹುಲ್ಲು ಅಥವಾ ತೆಂಗಿನ ಸಿಪ್ಪೆ ಇಟ್ಟರೆ ನೆಲದ ತೇವಕ್ಕೆ ಕೊಳೆಯುವುದಿಲ್ಲ. ಚಪ್ಪರಕ್ಕೆ ಹಬ್ಬಿಸಿದಾಗ ಕಾಯಿಯ ಭಾರ ತೊಟ್ಟಿನ ಮೇಲೆ ಬೀಳದಂತೆ ಹಳೆಯ ಬಟ್ಟೆಯ ಜೋಲಿ ಕಟ್ಟಬೇಕು.

ನೀರಿನ ವಿಷಯದಲ್ಲಿ ಎರಡು ಹಂತಗಳಿವೆ. ಕಾಯಿ ಹಿಗ್ಗುವ ತನಕ ಬುಡ ಒಣಗದಂತೆ ಹದವಾಗಿ, ಎಲೆಗಳ ಮೇಲೆ ಬೀಳದಂತೆ ನೀರು ಕೊಡಬೇಕು. ಹಣ್ಣಿಗೆ ತಿರುಗುವ ಸೂಚನೆ ಕಂಡ ಮೇಲಿನ ಕೊನೆಯ ವಾರದಲ್ಲಿ ಎಲೆ ಬಾಡದಿರುವಷ್ಟಕ್ಕೆ ಅದನ್ನು ಇಳಿಸಬೇಕು. ಕೊನೆಗಾಲದ ಧಾರಾಳ ನೀರು ರುಚಿಯನ್ನು ತೆಳುವಾಗಿಸುವುದಲ್ಲದೆ ಹಣ್ಣನ್ನು ಸೀಳಿಸುತ್ತದೆ. ಸಾರಜನಕದ ಗೊಬ್ಬರ ಹೆಚ್ಚಾದರೆ ಬಳ್ಳಿ ಸೊಕ್ಕಿ ಎಲೆಯಷ್ಟೇ ಬೆಳೆಯುತ್ತದೆ.

ಶತ್ರುಗಳಲ್ಲಿ ಎಳೆ ಸಸಿಯ ಎಲೆಗಳನ್ನು ತೂತು ಮಾಡುವ ಕೆಂಪು ದುಂಬಿ ಮೊದಲನೆಯದು. ಬೆಳಗಿನ ತಂಪಿನಲ್ಲಿ ಜಡವಾಗಿರುವ ಅವನ್ನು ಕೈಯಿಂದಲೇ ಹಿಡಿದು ಸಾಬೂನು ನೀರಿಗೆ ಹಾಕಬಹುದು. ಅದಕ್ಕಿಂತ ಕ್ರೂರವಾದುದು ಹಣ್ಣುನೊಣ. ಇದರ ಹೆಣ್ಣು ಎಳೆಯ ಕಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ಮರಿಹುಳುಗಳು ತಿರುಳನ್ನು ತಿಂದು ಕೊಳೆಸುತ್ತವೆ. ಹೊರಗಿನಿಂದ ಸಿಂಪಡಿಸುವ ಔಷಧಿ ಒಳಗಿನ ಹುಳುವನ್ನು ಮುಟ್ಟಲಾರದು. ನಿಂಬೆ ಗಾತ್ರವಿರುವಾಗಲೇ ಕಾಯಿಗೆ ತೆಳು ಬಟ್ಟೆಯ ಅಥವಾ ಕಾಗದದ ಚೀಲ ತೊಡಿಸುವುದು, ಹುಳು ಬಿದ್ದ ಕಾಯಿಗಳನ್ನು ಅಲ್ಲಲ್ಲೇ ಬಿಡದೆ ಆಳವಾಗಿ ಹೂಳುವುದು, ಗಂಡು ನೊಣಗಳನ್ನು ಸೆಳೆಯುವ ಕ್ಯೂಲ್ಯೂರ್ ಬಲೆಗಳನ್ನು ತೂಗುಹಾಕುವುದು ಮನೆಮಟ್ಟಿಗೆ ಸಾಕಾಗುವ ಉಪಾಯಗಳು. ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುವ ಬೂದಿ ರೋಗಕ್ಕೆ ಗಂಧಕ ಬಳಸುವವರು, ಕರಬೂಜದ ಎಷ್ಟೋ ತಳಿಗಳ ಎಲೆಗಳು ಬಿಸಿಲಿನಲ್ಲಿ ಗಂಧಕದಿಂದ ಸುಟ್ಟುಹೋಗುತ್ತವೆಂಬುದನ್ನು ಮರೆಯಬಾರದು. ಒತ್ತೊತ್ತಾಗಿ ನೆಡದೆ ಗಾಳಿಯಾಡಲು ಬಿಡುವುದು ಹೆಚ್ಚು ಕ್ಷೇಮ.

ಹೂವಿನಿಂದ ಹಣ್ಣಿಗೆ ತಳಿಗನುಗುಣವಾಗಿ ಸುಮಾರು 30ರಿಂದ 45 ದಿನ ಬೇಕು. ಬಲೆಯ ಗೀರುಗಳಿರುವ ಬಗೆಗಳಲ್ಲಿ ಗೀರುಗಳ ನಡುವಿನ ಹಸಿರು ಹಳದಿಗೆ ತಿರುಗುತ್ತದೆ, ತೊಟ್ಟಿನ ಎದುರು ತುದಿ ಒತ್ತಿದರೆ ತುಸು ಮಣಿಯುತ್ತದೆ, ಅಲ್ಲಿಗೆ ಮೂಗು ತಾಗಿಸಿದರೆ ಘಮ ಬರುತ್ತದೆ. ಆದರೆ ನಿರ್ಣಾಯಕವಾದ ಗುರುತು ತೊಟ್ಟಿನಲ್ಲಿದೆ. ಹಣ್ಣು ಮಾಗುತ್ತಿದ್ದಂತೆ ಎಥಿಲೀನಿನ ಪ್ರಭಾವದಿಂದ ತೊಟ್ಟು ಹಣ್ಣನ್ನು ಸೇರುವಲ್ಲಿ ಕಳಚು ಪದರವೆಂಬ, ಒಂದಕ್ಕೊಂದು ಬಿಟ್ಟುಕೊಡುವ ಜೀವಕೋಶಗಳ ಸಾಲು ಏರ್ಪಟ್ಟು, ಮೊದಲು ಸುತ್ತ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ಬಿರುಕು ಪೂರ್ತಿ ಸುತ್ತಿದ ಮೇಲೆ ಹೆಬ್ಬೆರಳಿನಿಂದ ಹಗುರವಾಗಿ ತಳ್ಳಿದರೆ ಹಣ್ಣು ತಾನಾಗಿ ಕಳಚಿಕೊಳ್ಳುತ್ತದೆ. ಎಳೆದು ಕೀಳಬೇಕಾದ ಹಣ್ಣು ಇನ್ನೂ ಒಂದೆರಡು ದಿನ ಬಳ್ಳಿಯಲ್ಲಿರಬೇಕಾದದ್ದು. ಪೇಟೆಗೆ ಸಾಗಿಸುವವರು ಅರ್ಧ ಬಿರುಕು ಕಂಡಾಗ, ಎಷ್ಟೋ ಬಾರಿ ಅದಕ್ಕೂ ಮುನ್ನ, ಕೊಯ್ಯುತ್ತಾರೆ. ಹಿತ್ತಲಿನವರಿಗೆ ಆ ನಿರ್ಬಂಧವಿಲ್ಲ. ಹನಿಡ್ಯೂವಿನಂತಹ ಬಗೆಗಳು ಮಾತ್ರ ಹಣ್ಣಾದರೂ ಸುಲಭವಾಗಿ ಕಳಚುವುದಿಲ್ಲವಾದ್ದರಿಂದ ಅವುಗಳನ್ನು ಬಣ್ಣ ನೋಡಿಯೇ ಕತ್ತರಿಸಬೇಕು.

ಇಷ್ಟು ಕಾದು ಪಡೆದ ಹಣ್ಣನ್ನು ಫ್ರಿಜ್ಜಿನಿಂದ ನೇರವಾಗಿ ತೆಗೆದು ತಿಂದರೆ ಪರಿಮಳದ ಅರ್ಧಪಾಲು ಗೊತ್ತಾಗದೇ ಹೋಗುತ್ತದೆ, ಏಕೆಂದರೆ ಎಸ್ಟರುಗಳು ಗಾಳಿಗೆ ಹಾರಿ ಮೂಗನ್ನು ಮುಟ್ಟಬೇಕಾದರೆ ಸ್ವಲ್ಪ ಬೆಚ್ಚಗಿರಬೇಕು. ಕೊಯ್ದ ದಿನವೇ ನೆರಳಿನಲ್ಲಿಟ್ಟು, ಬರಿಯ ಹೋಳುಗಳಾಗಿ ತಿನ್ನುವುದು ಮೊದಲ ಹಣ್ಣಿಗೆ ಸಲ್ಲುವ ಮರ್ಯಾದೆ. ಆ ಮೇಲಿನವು ಪಾನಕಕ್ಕೂ ರಸಾಯನಕ್ಕೂ ಆಗುತ್ತವೆ. ಚೈತ್ರದಲ್ಲಿ ಬರುವ ರಾಮನವಮಿಗೆ ಹೆಸರುಬೇಳೆಯ ಕೋಸಂಬರಿಯ ಜೊತೆಗೆ ಕರಬೂಜದ ಪಾನಕವನ್ನು ಹಂಚುವ ಪದ್ಧತಿ ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿದ್ದು, ಜನವರಿಯಲ್ಲಿ ಬಿತ್ತಿದ ಬಳ್ಳಿಯ ಮೊದಲ ಹಣ್ಣುಗಳು ಬರುವುದೂ ಸರಿಸುಮಾರು ಆಗಲೇ. ತಿರುಳನ್ನು ಕೈಯಿಂದ ಕಿವುಚಿ, ಕರಗಿಸಿ ಸೋಸಿದ ಬೆಲ್ಲ, ಕುಟ್ಟಿದ ಏಲಕ್ಕಿ ಬೆರೆಸಿದರೆ ಸಾಕು. ಮಿಕ್ಸಿಯಲ್ಲಿ ತಿರುವಿದರೆ ನೊರೆ ಹೆಚ್ಚಿ ತಿರುಳಿನ ಹರಳುತನ ಹೋಗುತ್ತದೆ. ಕರಾವಳಿಯಲ್ಲಿ ಇಬ್ಬುಡ್ಲಿನ ಹೋಳುಗಳಿಗೆ ಬೆಲ್ಲ, ಕಾಯಿಹಾಲು ಸೇರಿಸಿ ರಸಾಯನ ಮಾಡುತ್ತಾರೆ, ಅದಕ್ಕೆ ಅವಲಕ್ಕಿ ಕಲಸುವುದೂ ಉಂಟು. ಅಷ್ಟೇನೂ ಸಿಹಿಯಲ್ಲದ ಆ ಹಣ್ಣಿಗೆ ಕಾಯಿಹಾಲಿನ ಜಿಡ್ಡು ಬೆರೆತಾಗ ಅದರ ಘಮ ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಸುವಿನ ಹಾಲು ಬೆರೆಸುವವರು ಮಾತ್ರ ತಡಮಾಡದೆ ಕುಡಿಯಬೇಕು. ಕರಬೂಜದಲ್ಲಿರುವ ಕುಕುಮಿಸಿನ್ ಎಂಬ ಕಿಣ್ವ, ಅಂದರೆ ಪ್ರೋಟೀನನ್ನು ಒಡೆಯುವ ವಸ್ತು, ಹೊತ್ತು ಕಳೆದಂತೆ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ.

ಹೆಚ್ಚುವ ಮೊದಲು ಸಿಪ್ಪೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದನ್ನು ಕಡೆಗಣಿಸಬಾರದು. ನೆಲಕ್ಕೆ ತಾಗಿ ಬೆಳೆಯುವ ಹಣ್ಣಿನ ಒರಟು ಗೀರುಗಳಲ್ಲಿ ಅಡಗಿದ ರೋಗಾಣುಗಳು ಚಾಕುವಿನೊಂದಿಗೆ ತಿರುಳನ್ನು ಸೇರುತ್ತವೆ, ಹುಳಿಯಿಲ್ಲದ ಆ ತಿರುಳಿನಲ್ಲಿ ಬೇಗ ವೃದ್ಧಿಯಾಗುತ್ತವೆ. 2011ರಲ್ಲಿ ಅಮೆರಿಕದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯ ಸೋಂಕಿದ ಕರಬೂಜ ತಿಂದು 33 ಮಂದಿ ಸತ್ತರು. ಹೆಚ್ಚಿದ ಹಣ್ಣು ಉಳಿದರೆ ಪರಿಮಳದ ಚಿಂತೆ ಬಿಟ್ಟು ಮುಚ್ಚಿ ಫ್ರಿಜ್ಜಿನಲ್ಲೇ ಇಡಬೇಕು.

ಚೆನ್ನಾಗಿ ಬಂದ ಹಣ್ಣಿನ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡುವವರು ನೆರೆಹೊರೆಯ ಬಳ್ಳಿಗಳ ಕಡೆ ಗಮನ ಕೊಡಬೇಕು. ಹಸಿ ಸೌತೆಯ ಪಕ್ಕದಲ್ಲಿ ಬೆಳೆದರೆ ಕರಬೂಜ ಸಪ್ಪೆಯಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಸೌತೆಯಲ್ಲಿ 14 ವರ್ಣತಂತುಗಳು, ಕರಬೂಜದಲ್ಲಿ 24 ಇದ್ದು ಅವು ಒಂದಕ್ಕೊಂದು ಕೂಡುವುದೇ ಇಲ್ಲ. ಮಂಗಳೂರು ಸೌತೆ, ಕೆಕ್ಕರಿಕೆ, ಇಬ್ಬುಡ್ಲುಗಳ ಪರಾಗ ಮಾತ್ರ ಕರಬೂಜಕ್ಕೆ ಸರಾಗವಾಗಿ ಕೂಡುತ್ತದೆ. ಆಗಲೂ ಆ ವರ್ಷದ ಹಣ್ಣಿನ ರುಚಿ ಕೆಡುವುದಿಲ್ಲ, ಏಕೆಂದರೆ ತಿರುಳು ತಾಯಿಬಳ್ಳಿಯದೇ. ಬೆರಕೆ ಅಡಗಿರುವುದು ಬೀಜದೊಳಗೆ, ಅದು ಹೊರಗೆ ಕಾಣುವುದು ಮರುವರ್ಷದ ಬೆಳೆಯಲ್ಲಿ. ತಳಿ ಶುದ್ಧವಾಗಿ ಉಳಿಯಬೇಕಾದರೆ, ಮರುದಿನ ಅರಳಲಿರುವ ಒಂದೆರಡು ಗಂಡು ಹೂವುಗಳನ್ನೂ ಕಾಯಿ ಕಟ್ಟುವ ಹೂವನ್ನೂ ಹಿಂದಿನ ಸಂಜೆಯೇ ದಾರದಿಂದ ಮುಚ್ಚಿ ಕಟ್ಟಿ, ಬೆಳಗ್ಗೆ ಬಿಚ್ಚಿ ಕೈಯಿಂದ ಪರಾಗಸ್ಪರ್ಶ ಮಾಡಿ, ಜೇನು ಹೊಗದಂತೆ ಕಾಯಿಕಟ್ಟುವ ಹೂವನ್ನು ಮತ್ತೆ ಕಟ್ಟಿ, ಆ ತೊಟ್ಟಿಗೆ ಗುರುತಿನ ದಾರ ಹಾಕಬೇಕು. ಆ ಹಣ್ಣು ಪೂರ್ತಿ ಮಾಗಿ ಕಳಚಿದ ಮೇಲೆ ಬೀಜಗಳನ್ನು ತಿರುಳಿನ ಲೋಳೆಯೊಂದಿಗೆ ಒಂದೆರಡು ದಿನ ನೀರಿನಲ್ಲಿಟ್ಟು, ತೇಲುವ ಜೊಳ್ಳನ್ನು ಚೆಲ್ಲಿ, ತಳದಲ್ಲಿ ನಿಂತವನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಳಿಯ ಹೆಸರೂ ವರ್ಷವೂ ಬರೆದಿಟ್ಟರೆ ನಾಲ್ಕೈದು ವರ್ಷಗಳ ತನಕ ಅವು ಮೊಳೆಯುತ್ತವೆ.